ಗಂಟೆ ಕಿತ್ತ ಫೋನು

ಹುಣಸೂರು
೧೪-೧೨-೧೯೯೭, ಭಾನುವಾರ

ಮಗಳಿಗೆ ನಿಮ್ಮಪ್ಪ ಮಾಡುವ ಆಶೀರ್ವಾದ.

ನಾವಿಬ್ಬರೂ ಕ್ಷೇಮ. ನಿನ್ನ ಕ್ಷೇಮ ತಿಳಿಸು ಎಂದು ಮುಂದಿನ ಸಾಲು ಬರೆಯಬೇಕು, ರೂಢಿ ಹಾಗೆ. ಹೊಸಿಲಿನಿಂದಲೇ ತಿರುಗಿಸಿ ಕಳಿಸಿದವನು ಆ ಸಾಲು ಬರೆದರೆ ನೀನು ನಕ್ಕುಬಿಡುತ್ತೀಯ ಅಂತ ಬಿಟ್ಟಿದ್ದೇನೆ. ಲಕೋಟೆಯ ಮೇಲೆ ಹೆಸರೂ ಇಲ್ಲ, ವಿಳಾಸವೂ ಇಲ್ಲ. ಎಚ್.ಡಿ. ಕೋಟೆ ಬಸ್ಸಿನ ಕಂಡಕ್ಟರ್ ಮಹದೇವಪ್ಪನ ಕೈಲಿ ಕಳಿಸುತ್ತಿದ್ದೇನೆ. ಕೋಟೆ ಬಸ್ ಸ್ಟಾಂಡಿನ ಎದುರಿನ ಜೆರಾಕ್ಸ್ ಅಂಗಡಿಯಲ್ಲಿ ನೀನು ಟೈಪ್ ಮಾಡುತ್ತಾ ಕೂತಿದ್ದನ್ನು ಅವನು ಕಂಡಿದ್ದನಂತೆ. “ನಿಮ್ ಮಗಳೇ ಕಣ್ ಸಾ, ಕೀಲಿ ನೋಡ್ದಂಗೇ ಒಡೀತಾ ಇದ್ರು” ಅಂದ. ಕೀಲಿ ನೋಡದೆ ಹೊಡೆಯುವುದನ್ನು ಕಲಿಸಿದವನು ನಾನೇ. ಕೇಳಿ ಹೆಮ್ಮೆಯಾಯಿತು. ಹೆಮ್ಮೆಪಡಲು ನೀನು ಯಾರಯ್ಯ ಅಂತ ಆಮೇಲೆ ನನ್ನನ್ನು ನಾನೇ ಬೈದುಕೊಂಡೆ.

ಮೊದಲು ಮೋಡೆಮ್ಮಿನ ವಿಚಾರ ಬರೆದುಬಿಡುತ್ತೇನೆ. ಅದನ್ನು ಬರೆಯುವುದು ನನಗೆ ಸುಲಭ. ಉಳಿದದ್ದೆಲ್ಲ ಅದರೊಳಗೇ ಇದೆ.

ಹೋದ ವರ್ಷ ಹೊಗೆಸೊಪ್ಪಿನ ಹರಾಜು ಶುರುವಾಗುವ ಹೊತ್ತಿಗೆ ಸೊಪ್ಪು ಕೊಳ್ಳುವ ಮೈಸೂರಿನ ಕಂಪನಿಯವರು ಕೊಟ್ಟ ಕಂಪ್ಯೂಟರನ್ನು ನೀನೇ ಜೋಡಿಸಿ ಕೊಟ್ಟಿದ್ದೆ. ಮೋಡೆಮ್ಮು ಅನ್ನುವ ಡಬ್ಬದ ಮೂಲಕ ನಮ್ಮ ಮನೆಯ ಫೋನಿನಿಂದಲೇ ಅವರ ದೊಡ್ಡ ಕಂಪ್ಯೂಟರಿಗೆ, ಆ ಯುನಿಕ್ಸ್ ಮೆಷಿನ್ನಿಗೆ, ಡಯಲ್ ಮಾಡುವುದು, ಆ ದಿನ ಸೊಪ್ಪಿನ ಬೇಲು ತಂದ ರೈತರ ಹೆಸರು, ತೂಕ ನೇರವಾಗಿ ಅಲ್ಲಿಗೇ ಟೈಪ್ ಮಾಡುವುದು, ಅಷ್ಟೇ ಕೆಲಸ. ಮೋಡೆಮ್ಮಿನ ತಲೆಯ ಮೇಲೆ ನೀನು ಸೆಟ್ಟಿಂಗಿನ ಚೀಟಿ ಅಂಟಿಸಿದ್ದೀಯಲ್ಲ, ‘ವೇಗ ೨೪೦೦, ಎಂಟು ಬಿಟ್, ಪ್ಯಾರಿಟಿ ಇಲ್ಲ, ಸ್ಟಾಪ್ ಒಂದು. ಅಪ್ಪಾ, ಬದಲಾಯಿಸಬೇಡಿ’ ಅಂತ, ಅದು ಇನ್ನೂ ಹಾಗೇ ಇದೆ. ಗೌರಿ ಹಬ್ಬವಾದ ಮೇಲೆ ಈ ಮನೆಯಲ್ಲಿ ನಿನ್ನ ಹೆಸರು ಎತ್ತಕೂಡದು ಅಂತ ನಿಮ್ಮವ್ವನಿಗೆ ಕಟ್ಟಪ್ಪಣೆ ಮಾಡಿದೆ. ಆ ಚೀಟಿ ಮಾತ್ರ ಕೀಳಲು ಕೈ ಬರಲಿಲ್ಲ. ಅದಿಲ್ಲದಿದ್ದರೆ ಮೆಷಿನ್ ನಡೆಯುವುದಿಲ್ಲವಲ್ಲ ಅಂತ ನನಗೆ ನಾನೇ ಸಬೂಬು ಹೇಳಿಕೊಂಡೆ.

ಈ ಸಲ ಹರಾಜು ಶುರುವಾದಾಗ ಮೊದಲ ದಿನವೇ ಮೋಡೆಮ್ಮು ಕೈಕೊಟ್ಟಿತು. ಏನು ಡಯಲ್ ಮಾಡಿದರೂ ‘ಎರರ್’. ವಯರು ಬಿಚ್ಚಿದೆ, ಕಟ್ಟಿದೆ, ಸ್ಕ್ರೂ ಬಿಗಿ ಮಾಡಿದೆ, ಊದಿದೆ. ಕೊನೆಗೆ ಮೈಸೂರಿನಲ್ಲಿ ಆ ಯುನಿಕ್ಸ್ ಮೆಷಿನ್ ನೋಡಿಕೊಳ್ಳುವ ನೀಲಾಂಬಿಕೆ ಅನ್ನುವ ಹೆಣ್ಣುಮಗಳಿಗೆ ಫೋನ್ ಮಾಡಿ, ಏನು ಒತ್ತುತ್ತಿದ್ದೇನೆ ಅಂತ ಒಂದೊಂದಾಗಿ ಹೇಳಿದೆ. ಅವಳು, ಮೇಷ್ಟ್ರೇ, ಒಂದು ಅನ್ನುವ ಅಂಕಿಗೆ ಯಾವ ಕೀಲಿ ಒತ್ತಿದಿರಿ ಅಂತ ಕೇಳಿದಳು. ನಮ್ಮ ಹಳೇ ಟೈಪ್‌ರೈಟರಿನಲ್ಲಿ ಒಂದರ ಕೀಲಿಯೇ ಇಲ್ಲವಲ್ಲ, ಸಣ್ಣ ಎಲ್ ಹೊಡೆಯುವುದು. ಊರಿನ ಮಕ್ಕಳಿಗೆಲ್ಲ ಹಾಗೇ ಕಲಿಸಿದ ಬೆರಳು, ಮೈಸೂರಿನ ನಂಬರಿಗೂ ಎಲ್ ಹೊಡೆದಿತ್ತು. ಹೋದ ವರ್ಷ ನಾನು ಹೀಗೆ ಮಾಡಿದಾಗಲೆಲ್ಲ ನೀನು ನನ್ನ ಬೆನ್ನ ಹಿಂದೆ ನಿಂತು ಒಂದೂ ಮಾತಾಡದೆ ತಿದ್ದುತ್ತಿದ್ದೆ ಅಂತ ಆಗ ಗೊತ್ತಾಯಿತು. ಟೈಪಿಂಗ್ ಇನ್‌ಸ್ಟಿಟ್ಯೂಟ್ ಚಿಕ್ಕಬೀರಯ್ಯನ ಮರ್ಯಾದೆ ಅಷ್ಟು ದಿನ ಉಳಿದದ್ದು ಹಾಗೆ.

ಅದಾದ ಮೇಲೆ ಬಂದದ್ದು ಬೇರೆ ಪೀಡೆ. ಮೈಸೂರಿನ ಮೆಷಿನ್ನಿಗೆ ಇರುವುದು ಒಂದೇ ಲೈನು, ಊರೂರಿಗೆ ಸರದಿ. ನಮಗೆ ದೀಪ ಹಚ್ಚುವ ಹೊತ್ತು ಕೊಟ್ಟಿದ್ದಾರೆ, ಅದಕ್ಕೇ ಸಂಜೆ ಇನ್‌ಸ್ಟಿಟ್ಯೂಟಿಗೆ ಹೋಗುವುದನ್ನು ಬಿಟ್ಟಿದ್ದೆ. ಆಮೇಲೆ ಪಿರಿಯಾಪಟ್ಟಣ, ಅವರಾದ ಮೇಲೆ ಕೆ.ಆರ್. ನಗರ. ನಾನು ಗಾವಡಗೆರೆ ಚನ್ನಬಸವಣ್ಣನ ಹೆಸರು ಹೊಡೆಯುತ್ತಾ ಇರುತ್ತೇನೆ, ಇದ್ದಕ್ಕಿದ್ದಂತೆ ಅವನ ಹೆಸರಿನ ನಡುವೆ ಆವರಣ ಚಿಹ್ನೆ, ಅಲೆಯಂತೆ ಬಳುಕಿದ ಅಲೆಗೆರೆ, ಎಂಥೆಂಥದೋ ಕಸ ಉದುರತೊಡಗುತ್ತದೆ. ನಾನು ಯಾವ ಕೀಲಿಯನ್ನೂ ಮುಟ್ಟಿರುವುದಿಲ್ಲ, ಕೈ ತೊಡೆಯ ಮೇಲಿರುತ್ತದೆ. ಸ್ವಲ್ಪ ಹೊತ್ತು ಬರುತ್ತದೆ, ನಿಲ್ಲುತ್ತದೆ, ಮತ್ತೆ ಬರುತ್ತದೆ. ಕೆಲವು ದಿನ ಸಂಪರ್ಕವೇ ಕಿತ್ತುಹೋಗಿ ‘ನೋ ಕ್ಯಾರಿಯರ್’ ಅಂತ ಬಂದು ನಿಲ್ಲುತ್ತದೆ. ಇನ್ನೂ ಒಂದು ವಿಚಿತ್ರ ನೋಡಿದ್ದೆ. ಕಸ ಮುಗಿಯುವಾಗ ಕೊನೆಯಲ್ಲಿ ಯಾವಾಗಲೂ ಒಂದೇ ಥರದ ಅಲೆಗೆರೆಗಳ ಸಾಲು ಬರುತ್ತಿತ್ತು, ಯಾರೋ ಬೇಕಂತಲೇ ರಂಗೋಲಿ ಎಳೆದ ಹಾಗೆ.

ನಿನ್ನ ಚೀಟಿ ಇದ್ದರೂ ಪ್ಯಾರಿಟಿ ಬದಲಾಯಿಸಿ ನೋಡಿದೆ. ಆಗ ಪ್ರತಿ ಅಕ್ಷರವೂ ಕಸವಾಯಿತು, ಮತ್ತೆ ಮೊದಲಿನಂತೆ ಮಾಡಿದೆ. ವೇಗ ಅರ್ಧಕ್ಕೆ ಇಳಿಸಿದೆ. ಕಂಪ್ಯೂಟರಿನಿಂದ ಮೋಡೆಮ್ಮಿಗೆ ಹೋಗುವ ಕೇಬಲನ್ನು ಬದಲಾಯಿಸಿದೆ, ಒಂದೊಂದು ಪಿನ್ನಿಗೂ ಬಲ್ಬು ಬ್ಯಾಟರಿ ಹಿಡಿದು ನೋಡಿದೆ. ಟ್ಯೂಬ್‌ಲೈಟಿನ ಚೋಕಿನ ಕಾಟವಿರಬೇಕು ಅಂತ ಅದನ್ನು ಆರಿಸಿ ಕತ್ತಲಲ್ಲಿ ಕೂತೆ. ಪಕ್ಕದ ವೆಲ್ಡಿಂಗ್ ಶಾಪಿನವನ ಜೊತೆ ಜಗಳ ಕಾದೆ, ಆ ಹೊತ್ತಿಗೆ ಅವನು ಬಾಗಿಲು ಹಾಕಿಕೊಂಡು ಹೋಗಿರುತ್ತಾನೆ ಅಂತ ಜಗಳವಾದ ಮೇಲೆ ತಿಳಿಯಿತು. ನೀಲಾಂಬಿಕೆ ಬೇರೆ ಮೋಡೆಮ್ಮನ್ನೇ ಬಸ್ಸಿಗೆ ಹಾಕಿ ಕಳಿಸಿದಳು. ಅದರಲ್ಲೂ ಅದೇ ಕಸ, ಅದೇ ಹೊತ್ತಿಗೆ.

ಆಮೇಲೆ ಲೈನ್‌ಮನ್ ನಂಜಣ್ಣನ ಮೇಲೆ ಬಿದ್ದೆ. ಕಂಬ ಹತ್ತಿಸಿದೆ, ಇಳಿಸಿದೆ. ಅವನು ವಯರು ಹಿಡಿದುಕೊಂಡು ಅಡುಗೆಮನೆಯ ತನಕ ಬಂದಾಗ ಬಾಗಿಲಲ್ಲೇ ಅಡ್ಡ ನಿಂತು, ಒಳಗೆ ಏನೂ ಇಲ್ಲಪ್ಪ, ನೀನು ಹೊರಗಿನದು ನೋಡು ಅಂದೆ. ಎರಡು ದಿನ ಬಿಟ್ಟು ಬಸ್ ಸ್ಟಾಂಡಿನ ಹೋಟೆಲ್ ಮುಂದೆ ಹತ್ತು ಜನರ ನಡುವೆ ಅವನಿಗೆ ಬಾಯಿಗೆ ಬಂದಂತೆ ಬೈದೆ. ಕೆಲಸ ಬಾರದ ಸೋಮಾರಿ ಅಂದೆ. ಅವನು ಕಪ್ಪನ್ನು ಬೆಂಚಿನ ಮೇಲಿಟ್ಟು, “ಒಳಗಡೆ ಬುಡ್ದೇ ಇದ್ರೆ ನಾ ಏನ್ ಮಾಡ್ಲಿ ಮೇಷ್ಟ್ರೆ” ಅಂದು ಎದ್ದು ಹೋದ. ಟೀ ಅರ್ಧ ಹಾಗೇ ಉಳಿದಿತ್ತು.

ಅದೇ ವಾರ ನೀಲಾಂಬಿಕೆ ಫೋನಿನಲ್ಲಿ ನೇರವಾಗಿ ಕೇಳಿದಳು, ಅದೇ ಲೈನಿಗೆ ಮನೆಯಲ್ಲಿ ಇನ್ನೊಂದು ಫೋನಿದೆಯಾ, ಮೆಷಿನ್ನುಗಳು ಮಾತಾಡುವಾಗ ಯಾರಾದರೂ ಅದನ್ನು ಎತ್ತಿದರೆ ಆ ಸದ್ದೇ ಹೀಗೆ ಕಸವಾಗಿ ಬರುತ್ತದೆ ಅಂತ. ಇಲ್ಲ ಅಂದೆ. ತಡವರಿಸದೆ, ಗಟ್ಟಿಯಾಗಿ ಇಲ್ಲ ಅಂದೆ.

ಇದೆ ಅಂತ ನಿನಗೆ ಗೊತ್ತು. ನಿಮ್ಮವ್ವ ಒಲೆ ಬಿಟ್ಟು ಹಾಲ್‌ನ ಫೋನಿಗೆ ಓಡಿ ಬರಬೇಕಲ್ಲ ಅಂತ ನೀನೇ ಹಟ ಹಿಡಿದು ಅಡುಗೆಮನೆಯ ಗೂಡಿನಲ್ಲಿ ಇಡಿಸಿದ ಫೋನು. ಅದು ಇದೆ ಅಂತ ನೀಲಾಂಬಿಕೆಗೆ ಹೇಳಿದರೆ ಅದಕ್ಕೆ ಗಂಟೆ ಯಾಕಿಲ್ಲ ಅಂತಲೂ ಹೇಳಬೇಕಾಗುತ್ತಿತ್ತು. ಅದು ಬೇಡವಾಗಿತ್ತು ನನಗೆ.

ಮದುವೆಯಾದ ಮೊದಲ ವರ್ಷದ ಗೌರಿಗೆ ಮಗಳು ಗಂಡನ ಜೊತೆ ಬರುತ್ತಾಳೆ ಅಂತ ಬೀದಿಗೆಲ್ಲ ಸಾರಿದ್ದೆ. ನೀನು ಒಬ್ಬಳೇ ಸೂಟ್‌ಕೇಸು ಹಿಡಿದು ಬಂದೆ. ಶರತ್ ಹೊಲಕ್ಕೆ ಹೋಗುವಾಗ ಹೊರಗಿನಿಂದ ಬೀಗ ಹಾಕಿಕೊಂಡು ಹೋಗುತ್ತಾನಪ್ಪ, ಅವನು ಬರುವ ತನಕ ನಾನು ಒಳಗೇ ಅಂತ ಹೇಳಿದೆ. ಪ್ರೀತಿಗೆ ಹಾಕುತ್ತಾನೆ, ಭೇರ್ಯ ನಿನಗೆ ಹೊಸ ಊರು ಅಂತ ಹಾಕುತ್ತಾನೆ ಅಂದೆ ನಾನು. ನೀನು ನನ್ನ ಮುಖವನ್ನೇ ನೋಡಿದೆ. ಎದುರು ಮನೆಯವರು ಕಿಟಕಿಯಲ್ಲಿದ್ದರು. ಅವರಿಗೆ ಕೇಳಿಸಲಿ ಅಂತಲೇ ಜೋರಾಗಿ, ಗಂಡನ ಜೊತೆ ಬರುವುದಾದರೆ ಬಾ, ಇಲ್ಲದಿದ್ದರೆ ಈ ಹೊಸಿಲು ತುಳಿಯಬೇಡ ಅಂದೆ. ನಿಮ್ಮವ್ವ ಬಾಗಿನದ ಮೊರ ಹಿಡಿದುಕೊಂಡು ಒಳಗಿನಿಂದ ಓಡಿ ಬಂದಳು. ಅದನ್ನೂ ಕೊಡಲು ಬಿಡಲಿಲ್ಲ ನಾನು.

ಮಾರನೆಯ ದಿನ ನೀನು ಕೋಟೆಯಿಂದ ಫೋನ್ ಮಾಡಿದೆ. ನಿಮ್ಮವ್ವ ಅಡುಗೆಮನೆಯಲ್ಲಿ ಎತ್ತಿದಳು. ಕೋಟೆ ಕಡೆಯ ಲೈನು ಯಾವಾಗಲೂ ಹಾಗೇ ತಾನೆ, ಅರ್ಧ ಮಾತು, ಅರ್ಧ ಗುಯ್‌ಗುಟ್ಟುವುದು. ಇವಳು ಇಲ್ಲಿಂದ ಕೂಗುತ್ತಿದ್ದಳು. ನಾನು ಬರುವಷ್ಟರಲ್ಲಿ ಇಟ್ಟಳು. ಯಾರು ಅಂದರೆ ಯಾರೂ ಇಲ್ಲ ಅಂದಳು. ಅವಳು ನೀರಿಗೆ ಹೋದಾಗ ಫೋನಿನ ತಳ ಬಿಚ್ಚಿ ಗಂಟೆಯ ವಯರು ಕಿತ್ತು, ಹಾಲ್‌ನ ಫೋನಿನ ಗಂಟೆಯನ್ನೂ ಅಡುಗೆಮನೆಗೆ ಕೇಳಿಸದಷ್ಟು ತಗ್ಗಿಸಿ, ಒಳಗಿನ ಫೋನು ಕೆಟ್ಟಿದೆ, ಮುಟ್ಟಬೇಡ ಅಂತ ಹೇಳಿದೆ. ಆಮೇಲೆ ಹಾಲ್‌ನ ಫೋನು ಹೊಡೆದುಕೊಂಡು ನಾನು ಎತ್ತಿದಾಗ ಒಂದೆರಡು ಸಲ ನಿನ್ನ ಉಸಿರು ಕೇಳಿಸಿತು. ಗುರುತು ಸಿಕ್ಕಿತು. ಇಟ್ಟುಬಿಟ್ಟು, ರಾಂಗ್ ನಂಬರ್ ಅಂದೆ. ಇದನ್ನೆಲ್ಲ ಬರೆಯುವಾಗ ಕೈ ನಾಚುತ್ತದೆ. ಶರತ್ ಬಾಗಿಲಿಗೆ ಬೀಗ ಹಾಕಿದ, ನಾನು ಫೋನಿನ ಗಂಟೆ ಕಿತ್ತೆ. ನಿನ್ನ ಗಂಡನನ್ನು ಬಯ್ಯಲು ನನಗೆ ಬಾಯೇ ಇಲ್ಲ.

ಕಸದ ವಿಚಾರಕ್ಕೆ ಬರುತ್ತೇನೆ. ಇಲಿ ವಯರು ಕಡಿದಿರಬಹುದು ಅಂತ ಒಂದು ಸಂಜೆ ಮೆಷಿನ್ನನ್ನು ಹಾಗೇ ನಡೆಯಲು ಬಿಟ್ಟು, ರೂಮಿನಿಂದ ಗೋಡೆಯ ಬುಡದಲ್ಲಿ ವಯರನ್ನು ಬೆರಳಲ್ಲಿ ಸವರಿಕೊಂಡು ಹೊರಟೆ. ಹಾಲ್ ದಾಟಿ, ಪಡಸಾಲೆ ದಾಟಿ ಅಡುಗೆಮನೆಯ ಬಾಗಿಲಿಗೆ ಬಂದೆ. ಒಳಗೆ ನಿಮ್ಮವ್ವ ಯಾರ ಜೊತೆಗೋ ಮಾತಾಡುತ್ತಿದ್ದಳು. ದೀಪ ಹಚ್ಚಿ ಆಗಿತ್ತು. ಗೂಡಿನ ಕಡೆಗೆ ಮುಖ ಮಾಡಿ, ಸೆರಗನ್ನು ಫೋನಿನ ಮೇಲೆ ಮುಸುಕಿಕೊಂಡು, ಪಿಸುಮಾತೂ ಅಲ್ಲದ ಕೂಗೂ ಅಲ್ಲದ ದನಿಯಲ್ಲಿ ಮಾತಾಡುತ್ತಿದ್ದಳು. ಫೋನಿನಲ್ಲಿ ನೀನೇ ಸಿಕ್ಕಿದ್ದೀಯ ಅಂದುಕೊಂಡು ನನಗೆ ಕೋಪ ನೆತ್ತಿಗೇರಿತು. ಒಂದು ಕಾಲು ಒಳಗಿಟ್ಟೆ. ಆಗ ನೆನಪಾಯಿತು, ಆ ಲೈನಿನಲ್ಲಿ ನೀನು ಇರಲು ಸಾಧ್ಯವೇ ಇಲ್ಲ. ಅದರಲ್ಲಿ ಆ ಹೊತ್ತಿಗೆ ನನ್ನ ಮೋಡೆಮ್ಮಿದೆ, ಆ ಕಡೆ ಮೈಸೂರಿನ ಮೆಷಿನ್ನಿದೆ.

“ಕೇಳಿಸ್ತಾ ಮಗಾ? ನಿನ್ ಮಾತು ನಂಗೆ ಕೇಳಾಕಿಲ್ಲ ಕಣವ್ವ, ಬರೀ ಕುಂಯ್ ಅಂತದೆ. ಕೋಟೆ ಲೈನೇ ಅಂಗೆ, ಬುಡು. ನೀನ್ ಕೇಳಿಸ್ಕೊ, ಸಾಕು” ಅನ್ನುತ್ತಿದ್ದಳು.

ನನಗೆ ಕಾಲು ತೆಗೆಯಲೂ ಆಗಲಿಲ್ಲ, ಇಡಲೂ ಆಗಲಿಲ್ಲ. ನೀನು ಅವತ್ತು ಫೋನಿನಲ್ಲಿ, ದಿನಾ ದೀಪ ಹಚ್ಚುವ ಹೊತ್ತಿಗೆ ಮಾಡುತ್ತೇನೆ, ಅಪ್ಪ ಇನ್‌ಸ್ಟಿಟ್ಯೂಟಿನಲ್ಲಿರುತ್ತಾರೆ ಅಂತ ಹೇಳಿದ್ದೆಯಂತೆ. ಅದನ್ನು ಅವಳು ನನ್ನ ಮುಂದೆ ಹೇಳಿಲ್ಲ, ಫೋನಿಗೆ ಹೇಳಿದ್ದನ್ನು ನಾನು ಕೇಳಿದೆ. ಗಂಟೆ ಇಲ್ಲದ ಫೋನು, ನೀನು ಮಾಡಿದ್ದೀಯೋ ಇಲ್ಲವೋ ಗೊತ್ತಾಗುವುದಿಲ್ಲ, ಅದಕ್ಕೆ ದಿನಾ ಆ ಹೊತ್ತಿಗೆ ಎತ್ತಿ ನೋಡುತ್ತಾಳೆ. ಡುರ್ರ್ ಅಂದರೆ ಯಾರೂ ಇಲ್ಲ. ಕುಂಯ್ ಅಂದರೆ ಮಗಳಿದ್ದಾಳೆ, ಲೈನು ಸರಿಯಿಲ್ಲ. ಹರಾಜು ಶುರುವಾದಾಗಿನಿಂದ ಅವಳಿಗೆ ದಿನಾ ಮಗಳು ಸಿಗುತ್ತಿದ್ದಾಳೆ. ನಾನು ಧೂಳು ಬೀಳುತ್ತದೆ ಅಂತ ಬಾಗಿಲು ಮುಚ್ಚಿಕೊಂಡು ಆ ರೂಮಿನಲ್ಲಿ ಏನು ಮಾಡುತ್ತೇನೆ, ಆ ಡಬ್ಬ ಮೈಸೂರಿಗೆ ಯಾವ ದಾರಿಯಲ್ಲಿ ಹೋಗುತ್ತದೆ ಅಂತ ಒಂದು ದಿನವೂ ಅವಳಿಗೆ ಹೇಳಿದವನಲ್ಲ. ನಿನಗೆ ಅರ್ಥವಾಗುವುದಿಲ್ಲ ಹೋಗು ಅಂದಿದ್ದೆ.

ಅಲ್ಲೇ ನಿಂತು ಕದ್ದು ಕೇಳಿದೆ. ಕೇಳಿದ್ದನ್ನು ಬರೆಯುತ್ತೇನೆ, ನಿನಗೆ ಅದು ಬೇಕಾಗುತ್ತದೆ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಸೊಗಡಿನ ಅವರೆ ಬಂದಿದೆ ಅಂದಳು. “ಇದುಕವರೆ ಸಾರು ಮಾಡಿದ್ದೆ, ನಿಮ್ಮಪ್ಪ ಎರಡ್ ದಪ ಇಕ್ಕಿಸ್ಕೊಂಡ್ರು. ಚೆನ್ನಾಗದೆ ಅಂತ ಒಂದ್ ಮಾತು ಆಡ್ನಿಲ್ಲ, ಅವರ ಬಾಯೇ ಅಂಗೆ.” ಹಿತ್ತಲಿನ ನುಗ್ಗೆ ಗಾಳಿಗೆ ಕೊಂಬೆ ಮುರಿದುಕೊಂಡಿತು ಅಂದಳು. “ನಿನ್ ಬಾಗಿನ ಅಂಗೇ ಮಡಗಿವ್ನಿ ಕಣವ್ವ. ಅಕ್ಕಿ ಬೇಳೆಗೆ ಉಳ ಬೀಳ್ದಂಗೆ ಆಗಾಗ ಬಿಸ್ಲಿಗೆ ಹಾಕ್ತೀನಿ. ಬಳೆ ಈಗ ನಿನ್ ಕೈಗೆ ದೊಡ್ಡವಾಯ್ತವೋ ಏನೋ, ಉಂಡೀಯೋ ಬುಟ್ಟೀಯೋ.” ಅಂಗಳದಲ್ಲಿ ಮೊರದ ತುಂಬ ಬೇಳೆ ಒಣಗುವುದನ್ನು ನಾನು ಎಷ್ಟೋ ಸಲ ದಾಟಿಕೊಂಡು ಹೋಗಿದ್ದೇನೆ. ಯಾರ ಬೇಳೆ ಅಂತ ಕೇಳಿರಲಿಲ್ಲ.

ಆಮೇಲೆ ದನಿ ತಗ್ಗಿಸಿ, “ಎಡಗಣ್ಣು ವಸಿ ಮಂಜು ಮಂಜು ಆಗದೆ ಮಗಾ. ಸೂಜಿಗೆ ದಾರ ಓಯ್ತಾ ಇಲ್ಲ. ನಿಮ್ಮಪ್ಪಂಗೆ ಏಳ್ಬೇಡ, ಮೊದ್ಲೇ ಕೋಪದಲ್ಲವ್ರೆ” ಅಂದಳು. ನನ್ನ ಕಣ್ಣೆದುರು ಓಡಾಡುವ ಹೆಂಗಸಿನ ಕಣ್ಣು ಮಂಜಾಗಿದೆ ಅಂತ ನನಗೆ ತಿಳಿದದ್ದು ಬಾಗಿಲ ಸಂದಿಯಲ್ಲಿ ನಿಂತು.

ಇನ್ನೊಂದು ಮಾತನ್ನೂ ಆಡಿದಳು. ಬರೆಯುವುದೋ ಬೇಡವೋ ಅಂತ ಆಗಿನಿಂದ ಯೋಚಿಸುತ್ತಿದ್ದೇನೆ. “ನಿಮ್ಮಪ್ಪ ಕೆಟ್ಟೋರಲ್ಲ ಕಣವ್ವ. ನಾಚ್ಕೆ ಅವರ್ಗೆ. ಊರೋರು ಏನಂತಾರೋ ಅಂತ ನಾಚ್ಕೆ. ಅದು ಇಳೀಲಿ, ತಡ್ಕೊ.” ಇಷ್ಟು ಹೇಳಿ, ಮಂಗಳಾರತಿ ಕೇಳಿಸಿಕೋ ಅಂತ ದೇವರ ಗೂಡಿನ ಗಂಟೆ ತೆಗೆದುಕೊಂಡು ಫೋನಿನ ಬಾಯಿಗೆ ಹಿಡಿದು ಬಾರಿಸಿದಳು.

ನಾನು ರೂಮಿಗೆ ವಾಪಸು ಬಂದೆ. ಆ ದಿನ ಅದೃಷ್ಟಕ್ಕೋ ದುರದೃಷ್ಟಕ್ಕೋ ಸಂಪರ್ಕ ಕಡಿದಿರಲಿಲ್ಲ. ಚನ್ನಬಸವಣ್ಣನ ಹೆಸರಿನ ಮುಂದೆ ಪರದೆಯ ತುಂಬ ಕಸ. ಕೊನೆಯಲ್ಲಿ ಅದೇ ಅಲೆಗೆರೆಗಳ ಸಾಲು. ಅದು ಗಂಟೆ. ಅದರ ಹಿಂದಿನದು ಸಾರು, ನುಗ್ಗೆ, ಬೇಳೆ, ಕಣ್ಣು, ನಾನು. ಇಷ್ಟು ದಿನ ಬಯ್ಯುತ್ತಾ ಬಯ್ಯುತ್ತಾ ಅಳಿಸಿ ಹಾಕಿದ್ದು ಅದನ್ನೇ. ಸ್ವಲ್ಪ ಹೊತ್ತು ಅತ್ತೆ. ನೀನು ಇದನ್ನು ಯಾರಿಗೂ ಹೇಳುವುದು ಬೇಡ.

ಈಗ ನನ್ನ ಫಜೀತಿ ಕೇಳು. ಆ ಹೊತ್ತಿಗೆ ನಾನು ಮೋಡೆಮ್ಮು ಹಾಕುವುದನ್ನು ನಿಲ್ಲಿಸಿದರೆ ಅವಳಿಗೆ ಡುರ್ರ್ ಅನ್ನುತ್ತದೆ. ಮಗಳು ಮಾಡುವುದನ್ನು ಬಿಟ್ಟಳು ಅಂತ ಆಗುತ್ತದೆ. ಹಾಕಿದರೆ ಕಂಪನಿಯ ಕೆಲಸ ಕೆಡುತ್ತದೆ. ನಿಜ ಹೇಳಿಬಿಡೋಣ ಅಂದರೆ, ಇಷ್ಟು ದಿನ ನೀನು ಒಂದು ಯಂತ್ರದ ಕಿವಿಗೆ ಮಾತಾಡಿದೆ, ಮಗಳು ಒಂದಕ್ಷರವೂ ಕೇಳಿಲ್ಲ ಅಂತ ಯಾವ ಬಾಯಲ್ಲಿ ಹೇಳಲಿ? ಹೇಳಲು ಎರಡು ಸಲ ಅಡುಗೆಮನೆಗೆ ಹೋದೆ. ಒಂದು ಸಲ ನೀರು ಕುಡಿದು ಬಂದೆ, ಇನ್ನೊಂದು ಸಲ ಉಪ್ಪಿನಕಾಯಿ ಕೇಳಿ ಬಂದೆ.

ಕೊನೆಗೆ ನೀಲಾಂಬಿಕೆಗೆ ಫೋನ್ ಮಾಡಿ, ಇನ್ನೊಂದು ಫೋನಿದೆಯಮ್ಮ, ಸುಳ್ಳು ಹೇಳಿದ್ದೆ ಅಂದೆ. ತೆಗೆಸಿಬಿಡಿ ಮೇಷ್ಟ್ರೇ, ಸರಿಹೋಗುತ್ತೆ ಅಂದಳು. ತೆಗೆಯುವ ಹಾಗಿಲ್ಲಮ್ಮ ಅಂದೆ. ಅವಳು ಯಾಕೆ ಅಂತ ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದೆನೋ ಏನೋ. ಬೆಳಿಗ್ಗೆ ಎದ್ದ ತಕ್ಷಣದ ಹೊತ್ತನ್ನು ಕೆಲಸಕ್ಕೆ ಕೊಟ್ಟಳು, ಸಂಜೆಯ ಸರದಿಯನ್ನೂ ಹಾಗೇ ಬಿಟ್ಟಳು. ಅಂದಿನಿಂದ ದಿನಾ ಸಂಜೆ ದೀಪ ಹಚ್ಚುವ ಹೊತ್ತಿಗೆ ಸುಮ್ಮನೆ ಮೈಸೂರಿಗೆ ಡಯಲ್ ಮಾಡಿ, ಏನೂ ಟೈಪ್ ಮಾಡದೆ, ಕೈ ಕಟ್ಟಿಕೊಂಡು ಪರದೆಯ ಮುಂದೆ ಕೂರುತ್ತೇನೆ. ಕಸ ಬರುತ್ತದೆ. ಹೆಚ್ಚು ಬಂದ ದಿನ ಏನೋ ದೊಡ್ಡ ವಿಚಾರ ಹೇಳುತ್ತಿದ್ದಾಳೆ ಅಂತ ಎದ್ದು ಹೋಗಿ ಬಾಗಿಲ ಹಿಂದೆ ನಿಲ್ಲುತ್ತೇನೆ. ಸಂಪರ್ಕ ಕಡಿದರೆ ಗಡಿಬಿಡಿಯಲ್ಲಿ ಮತ್ತೆ ಡಯಲ್ ಮಾಡುತ್ತೇನೆ, ಎಲ್ಲಿ ಮಧ್ಯದಲ್ಲಿ ಮಗಳು ಇಟ್ಟುಬಿಟ್ಟಳು ಅಂದುಕೊಳ್ಳುತ್ತಾಳೋ ಅಂತ. ಈ ವಯಸ್ಸಿನಲ್ಲಿ ಇಂಥ ಕಳ್ಳಾಟ.

ನೀನೂ ಆ ಹೊತ್ತಿಗೆ ಮಾಡಿ ನೋಡಿರುತ್ತೀಯ. ಮಾಡಿದಾಗಲೆಲ್ಲ ಎಂಗೇಜ್ ಬಂದಿರುತ್ತದೆ. ನಿಮ್ಮಪ್ಪ ಬೇಕಂತಲೇ ರಿಸೀವರ್ ಎತ್ತಿ ಇಟ್ಟಿದ್ದಾನೆ ಅಂದುಕೊಂಡಿರುತ್ತೀಯ. ಹಾಗೆ ಅಂದುಕೊಂಡರೆ ನಿನ್ನ ತಪ್ಪೇನಿಲ್ಲ, ಅಂಥವನೇ ನಾನು. ಆದರೆ ಇದೊಂದನ್ನು ಬೇಕಂತ ಮಾಡಿದ್ದಲ್ಲ.

ಈಗ ಈ ಕಾಗದ ಬರೆಯಲು ಕಾರಣ. ಪಿರಿಯಾಪಟ್ಟಣದವರು ತಕರಾರು ತೆಗೆದಿದ್ದಾರೆ, ಹುಣಸೂರಿನವರು ಸುಮ್ಮನೆ ಲೈನು ಹಿಡಿದು ಕೂರುತ್ತಾರೆ ಅಂತ. ನಾಳೆಯದಲ್ಲ, ಅದರ ಮುಂದಿನ ಸೋಮವಾರದಿಂದ ಸಂಜೆಯ ಸರದಿ ಅವರದು. ನೀಲಾಂಬಿಕೆ, ಇನ್ನು ನನ್ನ ಕೈಲಾಗಲ್ಲ ಮೇಷ್ಟ್ರೇ ಅಂದಳು. ಅಲ್ಲಿಂದಾಚೆಗೆ ನಿಮ್ಮವ್ವ ಫೋನ್ ಎತ್ತಿದರೆ ಡುರ್ರ್ ಅನ್ನುತ್ತದೆ, ಮಾರನೆಯ ದಿನವೂ ಡುರ್ರ್ ಅನ್ನುತ್ತದೆ. ನನ್ನ ಮೇಲೆ ಕೋಪ ಮಾಡಿಕೊಂಡು ಅವಳು ಬದುಕಬಲ್ಲಳು, ರೂಢಿಯಾಗಿದೆ. ನೀನು ಸುಮ್ಮನಾದೆ ಅಂತಾದರೆ ತಡೆದುಕೊಳ್ಳಲಾರಳು.

ಅದಕ್ಕೆ ಒಂದು ಉಪಕಾರ ಮಾಡು. ಬರುವ ಶುಕ್ರವಾರ ಸಂಜೆ ನಾನು ಮೋಡೆಮ್ಮಿನ ವಯರು ಕಿತ್ತಿಟ್ಟು ಇನ್‌ಸ್ಟಿಟ್ಯೂಟಿಗೆ ಹೋಗುತ್ತೇನೆ. ಅಡುಗೆಮನೆಯ ಫೋನಿಗೆ ಗಂಟೆ ಮತ್ತೆ ಜೋಡಿಸಿದ್ದೇನೆ, ಬಾರಿಸಿದರೆ ಬೀದಿಗೆಲ್ಲ ಕೇಳಿಸುತ್ತದೆ, ಕೇಳಿಸಲಿ. ದೀಪದ ಹೊತ್ತಿಗೆ ನೀನು ಫೋನ್ ಮಾಡು. ಅವಳು ಮೊದಲು ಲೈನ್ ಸರಿಹೋಯ್ತಾ ಅಂತ ಕೇಳುತ್ತಾಳೆ. ಸರಿಹೋಯಿತು ಅನ್ನು. ಇಷ್ಟು ದಿನ ನೀನು ಆಡಿದ್ದೆಲ್ಲ ಕೇಳಿಸುತ್ತಿತ್ತವ್ವ, ನನ್ನ ಮಾತೇ ನಿನಗೆ ತಲುಪುತ್ತಿರಲಿಲ್ಲ ಅಂತ ಹೇಳು. ಸುಳ್ಳು ಹೇಳಿಸುತ್ತಿದ್ದೇನೆ, ಗೊತ್ತು. ನಾನು ನಿನ್ನ ಹೆಸರಿನಲ್ಲಿ ಇಷ್ಟು ದಿನ ಊರಿಗೆ ಹೇಳಿದ ಸುಳ್ಳಿಗಿಂತ ಇದು ಒಳ್ಳೆಯದು.

ಬಾಗಿನದ ವಿಚಾರ ನೀನಾಗಿ ಎತ್ತು. ನುಗ್ಗೆ ಕೊಂಬೆ ಕೇಳು. ಬೀಡಿ ಕಟ್ಟುವ ಪುಟ್ಟಿಯ ಎರಡನೇ ಹೆರಿಗೆಯೂ ಹೆಣ್ಣಂತೆ, ಅದನ್ನು ಮಂಗಳವಾರ ಹೇಳಿದಳು, ಚೆಂದ ಇದೆಯಂತೆ ಮಗು. ನಿಮ್ಮಜ್ಜಿ ದೊಡ್ಡತಾಯಮ್ಮ, ನನ್ನ ಅತ್ತೆ, ಕನಸಿಗೆ ಬಂದು ಮೊಮ್ಮಗಳೆಲ್ಲಿ ಅಂತ ಕೇಳಿದರಂತೆ, ಅದನ್ನು ಹೇಳುವಾಗ ತುಂಬ ಅತ್ತಳು, ಅದನ್ನು ಮರೆಯಬೇಡ. ಭೇರ್ಯಕ್ಕೆ ಕೊಡೋಣ ಅಂತ ಮೊದಲು ಹೂಂ ಅಂದವಳು ನಾನೇ ಮಗಾ, ನನ್ನಿಂದಲೇ ಹಿಂಗಾಯ್ತು ಅಂತ ಒಂದು ದಿನ ಹೇಳಿದಳು. ಅದಕ್ಕೆ ನೀನೇ ಏನಾದರೂ ಉತ್ತರ ಕೊಡು, ನನಗೆ ಹೊಳೆಯಲಿಲ್ಲ. ಕಣ್ಣಿನ ವಿಚಾರ ನಾನು ನೋಡಿಕೊಳ್ಳುತ್ತೇನೆ. ನನ್ನ ಕನ್ನಡಕ ಬದಲಾಯಿಸಬೇಕು, ಜೊತೆಗೆ ಬಾ ಅಂತ ಬುಧವಾರ ಮೈಸೂರಿಗೆ ಕರೆದುಕೊಂಡು ಹೋಗುತ್ತಿದ್ದೇನೆ. ನನಗೆ ಹೇಗೆ ಗೊತ್ತಾಯಿತು ಅಂತ ಅವಳಿಗೆ ತಿಳಿಯಬಾರದು.

ನಂಜಣ್ಣನ ಹತ್ತಿರ ಹೋಗಿದ್ದೆ. ಅದೇ ಹೋಟೆಲಿನ ಮುಂದೆ, ಅಷ್ಟೇ ಜನರ ನಡುವೆ. ತಪ್ಪಾಯಿತು ಅನ್ನಬೇಕು ಅಂತ ಬಾಯಿಪಾಠ ಮಾಡಿಕೊಂಡು ಹೋಗಿದ್ದೆ. ಅದರ ಬದಲು ಎರಡು ಟೀ ಹೇಳಿದೆ. ಅವನು ಪೂರ್ತಿ ಕುಡಿದ. ಅಷ್ಟರಲ್ಲಿ ಬಿಳಿಕೆರೆಯ ಸಿದ್ದಯ್ಯ ಬಂದವನು ಎಂದಿನಂತೆ, ಮಗಳು ಭೇರ್ಯದಲ್ಲಿ ಚೆನ್ನಾಗವ್ಳಾ ಅಂದ. ನಾನೂ ಎಂದಿನಂತೆ ಹೂಂ ಅನ್ನಲು ಬಾಯಿ ತೆರೆದೆ. “ಭೇರ್ಯದಲ್ಲಿಲ್ಲ ಕಣಯ್ಯ. ಅಲ್ಲಿ ಅವಳಿಗೆ ಸರಿಬರಲಿಲ್ಲ, ಬಿಟ್ಟು ಬಂದ್ಲು. ಕೋಟೇಲಿ ಕೆಲಸ ಮಾಡ್ತಾ ಅವ್ಳೆ” ಅಂತ ಬಂತು ಮಾತು. ಸಿದ್ದಯ್ಯ, “ಓ ಅಂಗಾ” ಅಂದು ಬನ್ನು ತಿನ್ನತೊಡಗಿದ. ಇಷ್ಟೇನಾ ಅನ್ನಿಸಿತು. ಇಷ್ಟಕ್ಕಾಗಿ ನಿನ್ನನ್ನು ಹಬ್ಬದ ದಿನ ಬಿಸಿಲಲ್ಲಿ ವಾಪಸು ಕಳಿಸಿದೆನಾ ಅನ್ನಿಸಿತು.

ಮನೆಗೆ ಬಾ ಅಂತ ಕರೆಯುವ ಮುಖವಿಲ್ಲ ನನಗೆ. ಸಂಕ್ರಾಂತಿಗೆ ಎಳ್ಳು ಬೀರಲು ನಿಮ್ಮವ್ವ ಒಬ್ಬಳೇ ಆಗುತ್ತಾಳೆ ಅಂತ ಮಾತ್ರ ತಿಳಿಸಿರುತ್ತೇನೆ. ಬಂದರೆ ಒಬ್ಬಳೇ ಬಾ. ಹೊಸಿಲಿನ ಹತ್ತಿರ ನಾನಿದ್ದರೆ ನಿನಗೆ ಮುಜುಗರ ಅನ್ನುವುದಾದರೆ ಆ ಹೊತ್ತಿಗೆ ಹಿತ್ತಲಿನಲ್ಲಿರುತ್ತೇನೆ.

ಇಷ್ಟೇ ವಿಶೇಷ. ಕೀಲಿ ನೋಡದೆ ಹೊಡೆಯುತ್ತೀಯ ಅಂತ ಕೇಳಿ ಸಂತೋಷವಾಯಿತು.

ನಾಚಿಕೆ ಇನ್ನೂ ಪೂರ್ತಿ ಇಳಿಯದ
ನಿಮ್ಮಪ್ಪ
ಚಿಕ್ಕಬೀರಯ್ಯ

ಮರೆತ ಮಾತು: ನಿನ್ನೆ ನಿಮ್ಮವ್ವ ಹೂ ತರಲು ಹೋಗಿದ್ದಳು. ಮೋಡೆಮ್ಮು ಹಾಕಿ, ರೂಮಿನ ಬಾಗಿಲು ತೆರೆದಿಟ್ಟು, ಅಡುಗೆಮನೆಗೆ ಹೋಗಿ ನಾನೂ ಆ ಫೋನನ್ನು ಎತ್ತಿದೆ. ಎಷ್ಟು ಕರ್ಕಶ ಸದ್ದು ಅದು, ಕಿವಿಗೆ ಮೊಳೆ ಹೊಡೆದಂತೆ. ಅದರೊಳಗೆ ದಿನಾ ಅಷ್ಟು ಹೊತ್ತು ಹೇಗೆ ಮಾತಾಡಿದಳೋ. ನಾನು ಒಂದೇ ಒಂದು ಮಾತು ಆಡಿದೆ. ಈ ಮನೆಯಲ್ಲಿ ಆಡಕೂಡದು ಅಂತ ನಾನೇ ಅಪ್ಪಣೆ ಮಾಡಿದ್ದ ಮಾತು. ಹೋಗಿ ನೋಡಿದರೆ ಪರದೆಯ ಮೇಲೆ ಎರಡು ಆವರಣ, ನಡುವೆ ಒಂದು ಅಲೆಗೆರೆ. ಅಳಿಸಲಿಲ್ಲ, ಪಟ್ಟಿಯಲ್ಲಿ ಹಾಗೇ ಬಿಟ್ಟೆ. ಇವತ್ತು ಬೆಳಿಗ್ಗೆ ನೀಲಾಂಬಿಕೆ, ರೈತರ ಪಟ್ಟಿಯ ಕೊನೆಯಲ್ಲಿ ತೂಕವೇ ಇಲ್ಲದ ಒಂದು ಸಾಲಿದೆಯಲ್ಲ ಮೇಷ್ಟ್ರೇ, ಅದೇನು, ತೆಗೆದುಬಿಡಲಾ ಅಂತ ಕೇಳಿದಳು. ಇರಲಿ ಬಿಡಮ್ಮ ಅಂದೆ.

ಅದು ನಿನ್ನ ಹೆಸರು, ಪ್ರಮೀಳಾ.